ಎಂಬತ್ತು ಎಕರೆಯಲ್ಲೊಂದು ಭೂಗೋಳದ ಪಾಠ

ಲಾಲ್‌ಬಾಗನ್ನು ಮೂರು ಪಾಲು ಮಾಡಿ. ಒಂದು ಪಾಲಿನ ಮರಗಳನ್ನೆಲ್ಲ ತೆಗೆದು, ಹಲಗೆ-ತಗಡಿನ ಮನೆಗಳನ್ನು ಗೋಡೆಗೆ ಗೋಡೆ ತಾಗುವಂತೆ ಕಟ್ಟಿ, ಒಂಬತ್ತೂವರೆ ಸಾವಿರ ಜನರನ್ನು ತುಂಬಿ. ಸುತ್ತ ಸಮುದ್ರ. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿರುವ ಈಬೈ ಎಂದರೆ ಹೆಚ್ಚುಕಡಿಮೆ ಇಷ್ಟೇ. ನೆಲ ಸುಮಾರು 80 ಎಕರೆ. 2011ರ ಜನಗಣತಿಯಲ್ಲಿ ಸಿಕ್ಕ ತಲೆಗಳು 9,614.

ಪಾಠ ಹೇಳಲು ಬರುವ ವಿದೇಶಿ ಮೇಷ್ಟ್ರು ಮೊದಲು ಕಾಲಿಡುವುದು ಇಲ್ಲಲ್ಲ. ಈಬೈಗೆ ವಿಮಾನ ನಿಲ್ದಾಣವಿಲ್ಲ. ನಾಲ್ಕೈದು ಕಿಲೋಮೀಟರ್ ಆಚೆ, ಕ್ವಾಜಲೀನ್ ದ್ವೀಪದ ಅಮೆರಿಕನ್ ಸೇನಾ ನೆಲೆಯಲ್ಲಿ ಇಳಿಯಬೇಕು. ಅಲ್ಲಿ ಹುಲ್ಲುಹಾಸು, ಗಾಲ್ಫ್ ಮೈದಾನ, ಈಜುಕೊಳ. ಕಾಗದಪತ್ರ ತೋರಿಸಿ ಲಾಂಚು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಬೇರೆ ಲೋಕ. ಮಕ್ಕಳ ಅಪ್ಪ ಅಮ್ಮಂದಿರು ಓಡಾಡುವುದೂ ಲಾಂಚಿನಲ್ಲೇ. ಬೆಳಿಗ್ಗೆ ನೆಲೆಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವರು ಅವರು. ಪಾಸಿಲ್ಲದೆ ಹೋಗುವಂತಿಲ್ಲ, ರಾತ್ರಿ ಉಳಿಯುವಂತಿಲ್ಲ.

ಇಷ್ಟು ಜನ ಇಲ್ಲೇಕೆ ಸೇರಿದರು? ಕೆಲಸ ಹುಡುಕಿಕೊಂಡು ಬಂದವರಿದ್ದಾರೆ, ನಿಜ. ಆದರೆ ತಂದು ಬಿಟ್ಟವರ ಕಥೆಯೇ ದೊಡ್ಡದು. 1951ರಲ್ಲಿ ಕ್ವಾಜಲೀನಿನ ಕೂಲಿಗಳ ಬಿಡಾರವನ್ನೇ ಇಲ್ಲಿಗೆ ಎತ್ತಿಹಾಕಿದರು. 1960ರ ದಶಕದಲ್ಲಿ, ಕ್ಯಾಲಿಫೋರ್ನಿಯಾದಿಂದ ಹಾರಿಬಿಡುವ ಕ್ಷಿಪಣಿಗಳು ಬಂದು ಬೀಳಲು ಜಾಗ ಬೇಕೆಂದು ನಡುವಣ ದ್ವೀಪಗಳನ್ನೂ ಖಾಲಿ ಮಾಡಿಸಿದರು. 1982ರಲ್ಲಿ ಸಾವಿರದಷ್ಟು ಜನ ದೋಣಿ ಹತ್ತಿ ಹೋಗಿ ತಮ್ಮ ದ್ವೀಪಗಳಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟರು. ಆಮೇಲೆ ನೆಲದೊಡೆಯರಿಗೆ ಬರುವ ಬಾಡಿಗೆ ಏರಿತು. ನೆಲೆ ಇದ್ದಲ್ಲೇ ಇದೆ.

ಈಬೈಯಲ್ಲಿ ಹೊಳೆಯಿಲ್ಲ, ಹೊಲವಿಲ್ಲ. ಹಡಗು ತಂದ ಅಕ್ಕಿ, ಮೈದಾ, ಡಬ್ಬಿ ಮಾಂಸವೇ ಊಟ. ಅದರ ಬೆನ್ನಿಗೆ ಸಕ್ಕರೆ ಕಾಯಿಲೆ. ಕುಡಿಯುವ ನೀರಿನ ಕಷ್ಟ ಹೇಳತೀರದ್ದಾಗಿತ್ತು. 2000ದ ಡಿಸೆಂಬರಿನಲ್ಲಿ ಕಾಲರಾ ಹಬ್ಬಿತು. ಸಮುದ್ರದ ನೀರನ್ನು ಸಿಹಿ ಮಾಡುವ ಹೊಸ ಘಟಕ ಬಂದದ್ದು 2017ರಲ್ಲಿ.

ಬೀದಿಗಿಳಿದ ಮೇಷ್ಟ್ರಿಗೆ ಮೊದಲು ಕಾಣುವುದು ಮಾತ್ರ ಮಕ್ಕಳು, ಎಲ್ಲೆಲ್ಲೂ ಮಕ್ಕಳು. 'ಯೋಕ್ವೆ' ಎನ್ನುತ್ತಾರೆ. ನಮಸ್ಕಾರಕ್ಕೂ ಅದೇ, ಹೋಗಿಬನ್ನಿ ಎನ್ನಲೂ ಅದೇ, ಪ್ರೀತಿಗೂ ಅದೇ ಮಾತು. (ಮೂರಕ್ಕೂ ಒಂದೇ ಪದ ಸಾಕೆಂದುಕೊಂಡವರು ಜಿಪುಣರಲ್ಲ!)

ಈ ಹವಳದ ಹಾರದಲ್ಲಿ ತೊಂಬತ್ತಕ್ಕೂ ಹೆಚ್ಚು ಪುಟ್ಟ ದ್ವೀಪಗಳಿವೆ. ನಕ್ಷೆ ಹರಡಿ 'ನಿಮ್ಮಜ್ಜಿಯ ಊರು ಯಾವುದು?' ಎಂದು ಕೇಳುವುದು ಯಾವ ಮೇಷ್ಟ್ರಿಗೂ ಸಹಜ. ಮಗು ಬೆರಳಿಟ್ಟು ತೋರಿಸಬಹುದು. ಆದರೆ 'ರಜೆಗೆ ಅಲ್ಲಿಗೆ ಹೋಗುತ್ತೀಯಾ?' ಎಂಬ ಮುಂದಿನ ಪ್ರಶ್ನೆಯನ್ನು ಇಲ್ಲಿ ನುಂಗಿಕೊಳ್ಳಬೇಕು. ಶಾಲೆ ಬಿಟ್ಟ ಮೇಲೆ ಹುಡುಗರು ಕಟ್ಟೆಯಿಂದ ನೀರಿಗೆ ಧುಮುಕುತ್ತಾರೆ. ಕತ್ತಲಾಗುತ್ತಿದ್ದಂತೆ ಕ್ವಾಜಲೀನಿನ ದೀಪಗಳು ಹೊತ್ತಿಕೊಳ್ಳುತ್ತವೆ, ಲಾಂಚು ಅಪ್ಪ ಅಮ್ಮಂದಿರನ್ನು ಹೊತ್ತು ಬರುತ್ತದೆ.