ಮಡಿಲು ಮೀರಿದ ಸೀರೆ

ಕಸೂತಿಗೆ ಕುಳಿತ ಸೋದರಿಯರು ಸೂಜಿಗೆ ಕೊಡುವ ಗಮನವನ್ನು ಮಡಿಲಿನಿಂದ ಜಾರುವ ಬಟ್ಟೆಗೆ ಕೊಡುವುದಿಲ್ಲ. ಕತ್ತರಿಯಾಕಾರದ ಮೆಂತೆ ಹೊಲಿಗೆಯು ಎಳೆ ಎಣಿಸಿ ಹಾಕುವಂಥದು. ಇಳಕಲ್ ಸೀರೆಯ ಭಾರವು ಒಂದೆಡೆಗೆ ಜಗ್ಗಿದರೆ ನೇಯ್ಗೆ ಓರೆಯಾಗಿ ಎಣಿಕೆಯೇ ತಪ್ಪುತ್ತದೆ. ತಂಗಿಯ ಮದುವೆಯ ಸೀರೆಯಲ್ಲಿ ನಾನು ತುಂಬಿದ ಗೋಪುರವೊಂದು ಹೀಗೆಯೇ ವಾಲಿತು. ಮುಹೂರ್ತಕ್ಕೆ ನಾಲ್ಕೇ ದಿನ! ಬಿಚ್ಚಿದೆನಾದರೂ ಸೆರಗಿನ ರೇಷ್ಮೆಯಲ್ಲಿ ಸೂಜಿಯ ಗುರುತು ಉಳಿಯಿತು.

ಅಂದಿನಿಂದ, ಹೊಲಿಯುವ ಜಾಗವನ್ನಷ್ಟೇ ಬಿಟ್ಟು, ಉಳಿದ ಸೀರೆಯನ್ನು ಕಸೂತಿಯ ಮುಖವು ಒಳಗಾಗುವಂತೆ ಎರಡೂ ಬದಿಗಳಿಂದ ಸಡಿಲವಾಗಿ ಸುತ್ತುತ್ತೇನೆ. ಸುರುಳಿಗೆ ಹಳೆಯ ಬಿಳಿ ಪಂಚೆಯ ಹೊದಿಕೆ, ಕಟ್ಟಲು ಬಟ್ಟೆಯ ಪಟ್ಟಿ. ಪಿನ್ನು ಮಾತ್ರ ಬೇಡ. ತುಕ್ಕಿನ ಕಲೆ ಸುಲಭವಾಗಿ ಹೋಗದು. ಸುರುಳಿಗಳು ತೂಗಾಡದಂತೆ ಪಕ್ಕದ ಮಣೆಗಳ ಮೇಲಿರಲಿ. ರಿಂಗು ಹಾಕಿದ್ದರೆ ಏಳುವಾಗ ಕಳಚಿರಿ, ಇಲ್ಲವಾದರೆ ಅದರ ಅಚ್ಚು ಮೂಡುತ್ತದೆ. ನಮ್ಮ ಮನೆಯ ಬೆಕ್ಕಿಗೆ ಈ ಸುರುಳಿಯೇ ಮೆಚ್ಚಿನ ಹಾಸಿಗೆ. ಆದ್ದರಿಂದ ರಾತ್ರಿ ಅದು ಪೆಟ್ಟಿಗೆಯೊಳಗೆ.