ಸುಗಮಕಾರ ಎಂದರೆ ಯಾರು?



ತರಬೇತಿ ಶಿಬಿರಗಳ ಆಹ್ವಾನ ಪತ್ರಿಕೆಗಳಲ್ಲಿ ಈಗ ‘ಸುಗಮಕಾರರು’ ಎಂಬ ಹೆಸರು ಕಾಣುತ್ತದೆ. ಇವರು ಅಧ್ಯಕ್ಷರೇ, ಉಪನ್ಯಾಸಕರೇ, ನ್ಯಾಯ ಹೇಳುವ ಪಂಚರೇ ಎಂದು ಸದಸ್ಯರು ಕೇಳುವುದುಂಟು. ಈ ಮೂವರೂ ಅಲ್ಲ. ಅಧ್ಯಕ್ಷರು ಸಭೆಯ ತೀರ್ಮಾನವನ್ನು ಸಾರುತ್ತಾರೆ. ಉಪನ್ಯಾಸಕರು ತಾವು ಬಲ್ಲದ್ದನ್ನು ಹೇಳುತ್ತಾರೆ. ಪಂಚರು ತೀರ್ಪು ಕೊಡುತ್ತಾರೆ. ಸುಗಮಕಾರರಾದರೋ ಸೇರಿದವರ ಅನುಭವವನ್ನೇ ಹೊರತೆಗೆದು, ಅವರೇ ಒಂದು ನಿರ್ಧಾರಕ್ಕೆ ಬರುವಂತೆ ದಾರಿ ಮಾಡಿಕೊಡುತ್ತಾರೆ.

ಬೇಸಾಯಗಾರರಲ್ಲಿ ಈ ಪದ್ಧತಿ ಹೆಸರಾದದ್ದು ಇಂಡೊನೇಷ್ಯಾದ ಭತ್ತದ ಗದ್ದೆಗಳಲ್ಲಿ. ಅತಿಯಾದ ಔಷಧ ಸಿಂಪಡಣೆಯಿಂದ ಜೇಡದಂಥ ಮಿತ್ರಜೀವಿಗಳು ನಾಶವಾಗಿ ಅಲ್ಲಿ ಕಂದು ಜಿಗಿಹುಳು ವಿಪರೀತವಾಯಿತು. 1986ರಲ್ಲಿ ಸರ್ಕಾರವು ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ಸುಮಾರು 25 ರೈತರು ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರುತ್ತಿದ್ದರು. ‘ಇದು ಯಾವ ಹುಳು?’ ಎಂದು ಕೇಳಿದರೆ ಸುಗಮಕಾರರು ಹೆಸರು ಹೇಳದೆ, ‘ಎಲ್ಲಿ ಸಿಕ್ಕಿತು? ಏನು ಮಾಡುತ್ತಿತ್ತು?’ ಎಂದು ಮರಳಿ ಕೇಳುತ್ತಿದ್ದರು. ರೈತರು ಹುಳುವನ್ನು ಸಾಕಿ ನೋಡಿ, ಅದು ಶತ್ರುವೋ ಮಿತ್ರನೋ ಎಂದು ತಾವೇ ಕಂಡುಕೊಳ್ಳುತ್ತಿದ್ದರು.

ನಮ್ಮಲ್ಲಿ ಇದರ ಅಗತ್ಯ ಎದ್ದು ಕಾಣುವುದು ಬಿಳಿ ಕಾಂಡಕೊರಕದ ವಿಷಯದಲ್ಲಿ. ದುಂಬಿಗಳು ಹಾರುವ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ತಿಂಗಳುಗಳಿಗೆ ಮುಂಚೆಯೇ ಅರೇಬಿಕಾದ ಬೋರರ್ ಗಿಡಗಳನ್ನು ಕಿತ್ತು ಸುಡಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಒಬ್ಬರು ಉಳಿಸಿದ ಗಿಡದ ದುಂಬಿ ಬೇಲಿ ನೋಡಿ ನಿಲ್ಲುವುದಿಲ್ಲ. ಯಾರ ತೋಟಕ್ಕೂ ಸಂಘ ನುಗ್ಗಿ ಗಿಡ ಕೀಳಿಸಲಾಗದು. ಆಳಿನ ಅಭಾವವೇ, ಫಸಲು ಬಿಟ್ಟ ಗಿಡ ಕೀಳಲು ಮನಸ್ಸು ಬಾರದೇ? ಇದು ಭಾಷಣದಿಂದ ತಿಳಿಯದು, ಕೇಳಿದರೆ ತಿಳಿಯುತ್ತದೆ. ಆಳಿನ ಅಭಾವವೇ ಆದರೆ ನಾಲ್ಕು ಮನೆಯವರು ಮುಯ್ಯಾಳಾಗಿ ಸೇರಬಹುದು. ತಾವೇ ಒಪ್ಪಿದ ಮಾತನ್ನು ಜನ ನಡೆಸಿಯೂ ತೋರಿಸುತ್ತಾರೆ.

ದೊಡ್ಡ ಹಿಡುವಳಿದಾರರ ದನಿಯಲ್ಲಿ ಸಣ್ಣವರ ಮಾತು ಮುಳುಗದಂತೆ ನೋಡುವುದು, ಹಿಂದೆ ಕುಳಿತ ಹೆಣ್ಣುಮಕ್ಕಳನ್ನೂ ಕೇಳುವುದು, ಮಾತು ಬೇರೆಡೆಗೆ ಹರಿದರೆ ತಿರುಗಿ ತರುವುದು, ಕೊನೆಗೆ ಯಾರು, ಏನನ್ನು, ಯಾವಾಗ ಮಾಡುವರೆಂದು ಬರೆಸುವುದು - ಇವು ಸುಗಮಕಾರರ ಕೆಲಸ. ಹಾಗೆಂದು ಎಲ್ಲವನ್ನೂ ಚರ್ಚೆಗೆ ಬಿಡುವಂತಿಲ್ಲ. ಅಡಿಕೆಯ ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಇದು ಬಹುಮತದಿಂದ ಬದಲಾಗದು. ಇಂಥವನ್ನು ತಜ್ಞರಿಂದಲೇ ತಿಳಿಯಬೇಕು.

ಆದ್ದರಿಂದ ಸಭೆಯಲ್ಲಿ ಸುಗಮಕಾರರು ಉತ್ತರ ಕೊಡದೆ ಪ್ರಶ್ನೆಯನ್ನೇ ಕೇಳಿದರೆ ಅವರಿಗೇನೂ ತಿಳಿಯದೆಂದು ಭಾವಿಸದೆ, ಸದಸ್ಯರು ತಮ್ಮ ತೋಟದಲ್ಲಿ ಕಂಡದ್ದನ್ನು ಮನಬಿಚ್ಚಿ ಹೇಳಬೇಕೆಂದು ಕೋರುತ್ತೇವೆ.