ಸುಸ್ತಿಗೆ ಮಂಚವೇ ಮದ್ದೆ?

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದವರನ್ನು ನೀವು ನೋಡಿರಬಹುದು. ಗಡ್ಡೆ ಹೋಗಿದೆ, ತಲೆಗೂದಲು ಮತ್ತೆ ಬೆಳೆಯುತ್ತಿದೆ. ಆದರೂ ಸ್ನಾನ ಮುಗಿಸುವಷ್ಟರಲ್ಲಿ "ಸಾಕಾಯಿತಪ್ಪಾ" ಎಂದು ಕುಳಿತುಬಿಡುತ್ತಾರೆ. ಆಗ ಮನೆಯವರೆಲ್ಲ ಹೇಳುವುದು ಒಂದೇ ಮಾತು: "ಏನೂ ಮಾಡಬೇಡಿ, ಸುಮ್ಮನೆ ಮಲಗಿರಿ." ಈ ಮಾತಿನಲ್ಲಿ ಪ್ರೀತಿಯಿದೆ, ನಿಜ. ಆದರೆ ಅದರಿಂದ ಸುಸ್ತು ಕಡಿಮೆಯಾಗುತ್ತದೆಯೆ? ವಿಚಾರ ಮಾಡೋಣ.

ಇದು ಯಾವ ಬಗೆಯ ಸುಸ್ತು?

ಕಬಡ್ಡಿ ಆಡಿ ಬಂದಾಗ ನಿಮಗೂ ದಣಿವಾಗುತ್ತದೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಬೆಳಿಗ್ಗೆ ಅದು ಇರುವುದಿಲ್ಲ. ಕ್ಯಾನ್ಸರ್‌ನೊಂದಿಗೆ ಬರುವ ಸುಸ್ತು ಹಾಗಲ್ಲ. ಮಾಡಿದ ಕೆಲಸಕ್ಕೂ ಅದಕ್ಕೂ ತಾಳೆಯಿರುವುದಿಲ್ಲ. ನಿದ್ದೆಯಿಂದ ಅದು ಪೂರ್ತಿ ಹೋಗುವುದೂ ಇಲ್ಲ. ಕೆಲವರಲ್ಲಿ ಚಿಕಿತ್ಸೆ ಮುಗಿದು ವರ್ಷಗಳಾದರೂ ಉಳಿದಿರುತ್ತದೆ. ಇದನ್ನು ಸೋಮಾರಿತನವೆಂದು ತಿಳಿಯುವುದು ತಪ್ಪು.

ಇದಕ್ಕೆ ಕಾರಣಗಳು ಹಲವು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ತೊಂದರೆ, ನೋವು, ನಿದ್ರೆ ಕೆಡುವುದು, ಮನಸ್ಸಿನ ಖಿನ್ನತೆ ಇವುಗಳಲ್ಲಿ ಸೇರಿವೆ. ಇವುಗಳಿಗೆ ವೈದ್ಯರಲ್ಲಿ ಪ್ರತ್ಯೇಕ ಚಿಕಿತ್ಸೆಯಿದೆ. ಉರಿಯೂತದ ಸಂದೇಶ ಒಯ್ಯುವ ಸೈಟೊಕೈನ್ ಎಂಬ ಪ್ರೋಟೀನುಗಳ ಪಾತ್ರವೂ ಇದೆಯೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಇವುಗಳ ಜೊತೆಗೆ ನಮ್ಮ ಗಮನಕ್ಕೆ ಬಾರದ ಇನ್ನೊಂದು ಕಾರಣವಿದೆ. ಅದೇ ಅತಿಯಾದ ವಿಶ್ರಾಂತಿ!

ಮಲಗಿದರೆ ಕರಗುವ ಶಕ್ತಿ

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಒಂದು ಪ್ರಯೋಗ ನಡೆಯಿತು. ಆರೋಗ್ಯವಂತರಾದ, ಇಪ್ಪತ್ತು ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಲಾಯಿತು. ಗರಿಷ್ಠ ಶ್ರಮದಲ್ಲಿ ಅವರ ದೇಹ ಬಳಸಬಲ್ಲ ಆಮ್ಲಜನಕದ ಪ್ರಮಾಣ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ನಂತರ ಸುಮಾರು ಎಂಟು ವಾರ ವ್ಯಾಯಾಮ ಮಾಡಿಸಿದಾಗ ಕಳೆದುಹೋದ ಸಾಮರ್ಥ್ಯ ಮರಳಿ ಬಂತು.

ಕಾಯಿಲೆಯೇ ಇಲ್ಲದ ಯುವಕರಿಗೆ ಹೀಗಾದರೆ, ಕೀಮೋಥೆರಪಿಯಿಂದ ಸೊರಗಿದವರ ಪಾಡೇನು? ಒಂದು ಸಣ್ಣ ಲೆಕ್ಕ ಹಾಕಿ. ಒಬ್ಬರ ಗರಿಷ್ಠ ಸಾಮರ್ಥ್ಯ 10 ಅಂಶ, ಮೆಟ್ಟಿಲು ಹತ್ತಲು ಬೇಕಾದದ್ದು 3 ಅಂಶ ಎಂದಿಟ್ಟುಕೊಳ್ಳಿ. ಆಗ ಅವರು ಬಳಸುವುದು ಶೇಕಡಾ 30ರಷ್ಟು ಮಾತ್ರ. ಸಾಮರ್ಥ್ಯ 5ಕ್ಕೆ ಇಳಿದರೆ ಅದೇ ಮೆಟ್ಟಿಲಿಗೆ ಶೇಕಡಾ 60ರಷ್ಟು ಬೇಕು! ಸುಸ್ತಾಯಿತೆಂದು ಮಲಗುತ್ತಾರೆ, ಮಲಗಿದ್ದರಿಂದ ಸ್ನಾಯು ಕರಗುತ್ತದೆ, ಸ್ನಾಯು ಕರಗಿದ್ದರಿಂದ ಸುಸ್ತು ಹೆಚ್ಚುತ್ತದೆ. ವ್ಯಾಯಾಮ ಈ ಚಕ್ರವನ್ನು ಮುರಿಯುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ಸ್ನಾಯುಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ.

ಪ್ರಯೋಗಗಳು ಹೇಳುವುದೇನು?

ಹಿಂದೆ ವೈದ್ಯರೂ ವಿಶ್ರಾಂತಿಯನ್ನೇ ಹೇಳುತ್ತಿದ್ದರು. 1980ರ ದಶಕದಲ್ಲಿ ಅಮೆರಿಕದ ಓಹಾಯೋ ರಾಜ್ಯದಲ್ಲಿ ಮೆರಿಲ್ ವಿನ್ನಿಂಗ್‌ಹ್ಯಾಮ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಸ್ತನ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುತ್ತಿದ್ದ ಮಹಿಳೆಯರಿಂದ ವ್ಯಾಯಾಮದ ಸೈಕಲ್ ತುಳಿಸಿದರು. ಹತ್ತು ವಾರಗಳಲ್ಲಿ ಅವರ ಸಾಮರ್ಥ್ಯ ಹೆಚ್ಚಿತು. 2017ರಲ್ಲಿ 11,525 ಮಂದಿ ಪಾಲ್ಗೊಂಡ 113 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಲಾಯಿತು. ಈ ಸುಸ್ತನ್ನು ಇಳಿಸುವುದರಲ್ಲಿ ವ್ಯಾಯಾಮ ಮತ್ತು ಮಾನಸಿಕ ಚಿಕಿತ್ಸೆಗಳು ಔಷಧಿಗಳಿಗಿಂತ ಮೇಲೆಂದು ಕಂಡುಬಂತು. ಬೆಂಗಳೂರಿನ ಸಂಶೋಧಕರು ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಯೋಗಾಭ್ಯಾಸದ ಪರಿಣಾಮವನ್ನೂ ಪರೀಕ್ಷಿಸಿದ್ದಾರೆ.

ಎಷ್ಟು, ಹೇಗೆ?

2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಸಲಹೆ ಸರಳವಾಗಿದೆ: ವಾರಕ್ಕೆ ಮೂರು ದಿನ, ದಿನಕ್ಕೆ 30 ನಿಮಿಷ ಚುರುಕಾದ ನಡಿಗೆಯಂಥ ಮಧ್ಯಮ ವ್ಯಾಯಾಮ, ಕನಿಷ್ಠ 12 ವಾರ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಮಧ್ಯಮ ವೇಗದ ಗುರುತು. ಮೊದಲ ದಿನವೇ ಮೂವತ್ತು ನಿಮಿಷ ಬೇಡ. ಐದು ನಿಮಿಷದಿಂದ ಆರಂಭಿಸಿ, ನಿಧಾನವಾಗಿ ಏರಿಸಬಹುದು.

ಆದರೆ ಆರಂಭಕ್ಕೆ ಮುನ್ನ ವೈದ್ಯರನ್ನು ಕೇಳಲೇಬೇಕು. ಮೂಳೆಗೆ ಕ್ಯಾನ್ಸರ್ ಹರಡಿದ್ದರೆ, ತೀವ್ರ ರಕ್ತಹೀನತೆಯಿದ್ದರೆ, ಕೈ ಊದಿದ್ದರೆ ಅಥವಾ ಪಾದ ಜೋಮು ಹಿಡಿಯುತ್ತಿದ್ದರೆ ವ್ಯಾಯಾಮದ ಬಗೆ ಬದಲಾಗುತ್ತದೆ. ಜ್ವರ ಬಂದ ದಿನ ವ್ಯಾಯಾಮ ಬೇಡ. ಎದೆನೋವು, ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಬೇಕು.

ನಿಮ್ಮ ಪಾಲೇನು?

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಅವರ ಕೈಯಿಂದ ಎಲ್ಲ ಕೆಲಸ ಕಿತ್ತುಕೊಳ್ಳಬೇಡಿ. ಹಾಗೆಂದು ಒತ್ತಾಯವನ್ನೂ ಮಾಡಬೇಡಿ. ದಿನದ ಯಾವ ಹೊತ್ತಿನಲ್ಲಿ ಅವರಿಗೆ ಸ್ವಲ್ಪ ಹುರುಪಿರುತ್ತದೆ ಎಂಬುದನ್ನು ಗಮನಿಸಿ, ಒಂದು ಪುಸ್ತಕದಲ್ಲಿ ಬರೆದಿಡಿ. ವೈದ್ಯರು ಒಪ್ಪಿದ ಮೇಲೆ ಆ ಹೊತ್ತಿಗೇ "ಬೀದಿಯ ಕೊನೆಯವರೆಗೆ ಹೋಗಿಬರೋಣ" ಎಂದು ಕರೆಯಿರಿ. ಅವರ ಹೆಜ್ಜೆಗೆ ನಿಮ್ಮ ಹೆಜ್ಜೆ ಹೊಂದಿಸಿಕೊಂಡು ಜೊತೆಗೆ ನಡೆಯಿರಿ.